‘ಏನೂ ಆಗಿಲ್ಲ’ ಎಂಬ ಸಾಂತ್ವನ

ಜಖಂ ಆದ ಕಾರಿನಿಂದ ಮಗುವನ್ನು ಇಳಿಸಿಕೊಂಡವರ ಬಾಯಲ್ಲಿ ಮೊದಲು ಬರುವುದು ‘ಏನೂ ಆಗಿಲ್ಲ ಕಂದ, ಅಳಬೇಡ’. ಹೊಸಕೋಟೆ ಪಕ್ಕದ ಪಿಲ್ಲಗುಂಪೆ ಕೈಗಾರಿಕಾ ಪ್ರದೇಶದ ಆಸುಪಾಸಿನಲ್ಲಿ ಲಾರಿ, ಕಂಪನಿ ಬಸ್ಸು, ಸಂಸಾರ ಹೊತ್ತ ಕಾರು ಎಲ್ಲಕ್ಕೂ ಅದೇ ರಸ್ತೆ. 108 ಆಂಬ್ಯುಲೆನ್ಸ್ 2008ರಿಂದ ಇದೆ, ನಿಜ. ಅದು ಬರುವ ತನಕ ಮಗು ಟೀ ಅಂಗಡಿಯವರ, ಲಾರಿ ಡ್ರೈವರುಗಳ ಕೈಯಲ್ಲಿರುತ್ತದೆ. ಅವರ ಕರುಣೆ ದೊಡ್ಡದು. ಅವರ ಈ ಮಾತಿಗೆ ಸಿಕ್ಕಿರುವ ಹೆಸರು ಮಾತ್ರ ಅದರ ಯೋಗ್ಯತೆಗಿಂತ ದೊಡ್ಡದು.

ಗಾಜು ಒಡೆದದ್ದನ್ನು ಮಗು ಕೇಳಿದೆ, ಅಮ್ಮನ ಹಣೆಯ ರಕ್ತವನ್ನು ನೋಡಿದೆ. ‘ಏನೂ ಆಗಿಲ್ಲ’ ಎಂದರೆ ಅದು ತನ್ನ ಕಣ್ಣನ್ನು ನಂಬಬಾರದು, ಇಲ್ಲವೇ ಎದುರಿನ ದೊಡ್ಡವರನ್ನು ನಂಬಬಾರದು. ಎರಡರಿಂದಲೂ ಭಯ ಇಳಿಯದು. ಆದರೂ ಎಷ್ಟೋ ಮಕ್ಕಳು ಆ ಮಾತಿಗೆ ಸುಮ್ಮನಾಗುತ್ತವೆ. ಸುಮ್ಮನಾಗಿಸಿದ್ದು ಬೆನ್ನು ಸವರಿದ ಕೈ, ತಗ್ಗಿದ ದನಿ. ಕೀರ್ತಿ ಹೋದದ್ದು ಮಾತಿಗೆ. ಅದೇ ಕೈ, ಅದೇ ದನಿ ನಿಜ ಹೇಳಬಹುದು: ‘ಲಾರಿ ತಾಗಿತು. ಅಮ್ಮನಿಗೆ ಪೆಟ್ಟಾಗಿದೆ, ಬಟ್ಟೆ ಕಟ್ಟಿದ್ದಾರೆ. ಆಂಬ್ಯುಲೆನ್ಸ್ ಬರ್ತಿದೆ, ಅಲ್ಲೀವರೆಗೂ ನಾನಿಲ್ಲೇ ಇರ್ತೀನಿ.’ ಹಿಂದಿನ ಸೀಟಿನಲ್ಲಿ ತಾನು ಗಲಾಟೆ ಮಾಡಿದ್ದಕ್ಕೇ ಹೀಗಾಯಿತೆಂದು ನಂಬುವ ಮಕ್ಕಳೂ ಇದ್ದಾರೆ. ಅವರಿಗೆ ‘ನಿನ್ನ ತಪ್ಪಲ್ಲ’ ಎಂಬುದನ್ನು ಬಿಡಿಸಿ ಹೇಳಬೇಕು. ‘ಅಳಬೇಡ’ ಎನ್ನುವುದಂತೂ ಅನಗತ್ಯ. ಅಳುವ ಮಗುವಿಗಿಂತ ಮಂಕಾಗಿ ತೂಕಡಿಸುವ, ವಾಂತಿ ಮಾಡುವ ಮಗುವಿನ ಬಗ್ಗೆ ಹೆಚ್ಚು ಹೆದರಬೇಕು. ತಲೆಗೆ ಪೆಟ್ಟು ಬಿದ್ದಿರಬಹುದು. ಅಂಥ ಮಗುವನ್ನು ‘ಜಾಣ, ಸುಮ್ಮನಿದೆ’ ಎಂದು ಹೊಗಳುವುದೇ ಅಪಾಯ.

ಮನೆಗೆ ಬಂದ ಮೇಲೆ ಅಜ್ಜಿ ಉಪ್ಪು, ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆಯುತ್ತಾಳೆ. ವಿಚಾರವಾದಿಗಳು ಇದನ್ನು ಮೌಢ್ಯವೆಂದು ಒಂದೇ ಏಟಿಗೆ ತಳ್ಳಿಹಾಕುತ್ತಾರೆ. ಕೆಟ್ಟ ಕಣ್ಣಿನ ವಿಚಾರದಲ್ಲಿ ಅವರು ಹೇಳುವುದು ಸರಿ, ನೋಡುವುದು ಸಾಲದು. ‘ಮಗು ಬೆಚ್ಚಿದೆ’ ಎಂದು ಅಜ್ಜಿ ಒಪ್ಪಿಕೊಳ್ಳುತ್ತಾಳೆ. ರಸ್ತೆಬದಿಯ ಸಾಂತ್ವನ ಅಷ್ಟನ್ನೂ ಒಪ್ಪಲಿಲ್ಲ. ಮಗುವನ್ನು ಎದುರಿಗೆ ಕೂರಿಸಿಕೊಂಡು, ಪರಿಚಿತವಾದ ಕೆಲಸವೊಂದನ್ನು ಮಾಡಿ, ‘ಮುಗೀತು’ ಎನ್ನುತ್ತಾಳೆ. ಆಸ್ಪತ್ರೆಗೆ ತೋರಿಸಿ ಬಂದ ಮೇಲೆ ಇದರಿಂದ ನಷ್ಟವಿಲ್ಲ. ಆಸ್ಪತ್ರೆಯ ಬದಲಿಗೆ ತಾಯತ ಕಟ್ಟಿದರೆ ಅಕ್ಷಮ್ಯ.

ಇನ್ನೊಂದು ತುದಿಯಲ್ಲಿ, ನಡೆದದ್ದನ್ನೆಲ್ಲ ಮಗುವಿನ ಬಾಯಿಂದ ಕೂಡಲೇ ಹೊರಡಿಸಬೇಕೆನ್ನುವ ಆಧುನಿಕರಿದ್ದಾರೆ. ಇವರು ವಿಜ್ಞಾನದ ಹೆಸರು ಹೇಳುತ್ತಾರೆ, ವಿಜ್ಞಾನ ಇವರ ಪರವಾಗಿಲ್ಲ. ರಸ್ತೆ ಅಪಘಾತದಲ್ಲಿ ಗಾಯಗೊಂಡ ವಯಸ್ಕರನ್ನು ಮೂರು ವರ್ಷ ಗಮನಿಸಿ 2000ದಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ, ಹೀಗೆ ಒಂದೇ ಬಾರಿ ಕೂರಿಸಿ ಎಲ್ಲವನ್ನೂ ಹೇಳಿಸಿದವರ ಸ್ಥಿತಿ ಉಳಿದವರಿಗಿಂತ ಕೆಟ್ಟದಾಗಿತ್ತು. 7ರಿಂದ 18 ವರ್ಷದ 158 ಮಕ್ಕಳ ಮೇಲೆ ಅಲ್ಲೇ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹೇಳಿಸಿದ, ಹೇಳಿಸದ ಎರಡೂ ಗುಂಪುಗಳು ಚೇತರಿಸಿಕೊಂಡವು. ಹೇಳಿಸಿದ್ದರಿಂದ ಹೆಚ್ಚುವರಿ ಲಾಭ ಕಾಣಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2011ರ ಕೈಪಿಡಿಯೂ ಮಾತಾಡಲು ಒತ್ತಾಯಿಸಬೇಡಿ, ಮಗುವನ್ನು ತನ್ನವರ ಜೊತೆಗೇ ಇರಿಸಿ ಎನ್ನುತ್ತದೆ. ಮಗು ತಾನಾಗಿ ಕೇಳಿದಾಗ, ಆಟದ ಕಾರುಗಳನ್ನು ಮತ್ತೆ ಮತ್ತೆ ಢಿಕ್ಕಿ ಹೊಡೆಸಿದಾಗ, ಪಕ್ಕದಲ್ಲಿ ಕೂತು ಉತ್ತರಿಸಿದರೆ ಸಾಕು.

ಕೆಲವು ರಾತ್ರಿ ಬೆಚ್ಚುವುದು, ಹಾಸಿಗೆ ಒದ್ದೆ ಮಾಡುವುದು, ಕಾರು ಹತ್ತಲು ಹಠ ಮಾಡುವುದು ಸಹಜ. ಊಟ, ನಿದ್ದೆ, ಶಾಲೆಯನ್ನು ಎಂದಿನ ಹೊತ್ತಿಗೆ ತಂದರೆ ಸಾಮಾನ್ಯವಾಗಿ ಕಡಿಮೆಯಾಗುತ್ತವೆ. ತಿಂಗಳು ಕಳೆದರೂ ಉಳಿದರೆ ಮಕ್ಕಳ ಮನೋವೈದ್ಯರನ್ನು ಕಾಣಬೇಕು. 2022ರಲ್ಲಿ ಆರಂಭವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೂ ಕರೆ ಮಾಡಬಹುದು.