ಘಟಸರ್ಪಗಳ ನುಡಿ

ಅಮೆರಿಕದ ಬೆಥೆಸ್ಡಾ ಸಂಸ್ಥೆಯು 2011ರಲ್ಲಿ ಹೊರತಂದ ‘ಸ್ಕೈರಿಮ್’ ಎಂಬ ವಿಡಿಯೋ ಆಟದಲ್ಲಿ ಡ್ರ್ಯಾಗನ್ನುಗಳಿಗೆ, ಎಂದರೆ ರೆಕ್ಕೆಯುಳ್ಳ ಘಟಸರ್ಪಗಳಿಗೆ, ಸ್ವಂತ ಭಾಷೆಯೊಂದನ್ನು ಕಲ್ಪಿಸಲಾಗಿದೆ. ಅದರ 34 ಲಿಪಿಚಿಹ್ನೆಗಳು ಕಲ್ಲಿನ ಮೇಲೆ ಉಗುರಿನಿಂದ ಗೀರಿದಂತಿವೆ. ವ್ಯಾಕರಣದ ದೃಷ್ಟಿಯಿಂದ ಈ ಭಾಷೆ ದುರ್ಬಲವಾದುದು: ಕ್ರಿಯಾಪದಕ್ಕೆ ಕಾಲಭೇದವಿಲ್ಲ; ಪದಗಳ ಅನುಕ್ರಮ ಬಹುಮಟ್ಟಿಗೆ ಇಂಗ್ಲಿಷಿನದೇ. ಶಬ್ದಕೋಶವೊಂದಿದ್ದರೆ ಇಂಗ್ಲಿಷ್ ವಾಕ್ಯವನ್ನು ಪದಕ್ಕೆ ಪದವಿಟ್ಟು ಪರಿವರ್ತಿಸಿಬಿಡಬಹುದು.

ಆದರೂ ಇದನ್ನು ಕಡೆಗಣಿಸುವಂತಿಲ್ಲ. ಇಲ್ಲಿ ನುಡಿಯೂ ಕ್ರಿಯೆಯೂ ಒಂದೇ. ‘ಯೋಲ್’ ಎಂದರೆ ಬೆಂಕಿ. ಘಟಸರ್ಪವು ಹಾಗೆಂದು ಗರ್ಜಿಸಿದರೆ ಬೆಂಕಿಯೇ ಹೊಮ್ಮುತ್ತದೆ. ಅವುಗಳ ಕಾಳಗವೂ ಒಂದು ಬಗೆಯ ವಾಗ್ವಾದವೇ.

ಈ ಕಲ್ಪನೆಯ ಸತ್ತ್ವವು ಒಂದು ಪ್ರಸಂಗದಲ್ಲಿ ಪೂರ್ಣವಾಗಿ ಬೆಳಗುತ್ತದೆ. ಘಟಸರ್ಪಗಳಿಗೆ ಅಡಿಯಾಳಾಗಿದ್ದ ಮಾನವರು ಅವುಗಳ ಭಾಷೆಯಲ್ಲಿಯೇ ಹೊಸ ಮಂತ್ರವೊಂದನ್ನು ಕಟ್ಟುತ್ತಾರೆ: ‘ಜೂರ್, ಜಾಹ್, ಫ್ರುಲ್’. ಮರ್ತ್ಯ, ಸಾಂತ, ಕ್ಷಣಿಕ ಎಂದು ಇವುಗಳ ಅರ್ಥ. ಅಮರಜೀವಿಗೆ ಮರಣವೆಂಬ ಭಾವನೆಯೇ ಗ್ರಹಿಸಲಸಾಧ್ಯವಾದುದು. ಆ ಅರ್ಥದ ಭಾರವನ್ನು ತಾಳಲಾರದೆ ಅದು ಆಕಾಶದಿಂದ ನೆಲಕ್ಕಿಳಿಯುತ್ತದೆ. ಆಳುವವರ ನುಡಿಯನ್ನು ಕಲಿತವರು ಅದರಲ್ಲಿ ತಮ್ಮ ಅನುಭವವನ್ನು ತುಂಬಿದ ಮೇಲೆ, ಆ ನುಡಿ ಆಳುವವರ ಅಂಕೆಯಲ್ಲಿ ಉಳಿಯಲಾರದು. ವ್ಯಾಕರಣವು ಈ ಭಾಷೆಗೆ ತಂದುಕೊಡದ ಗೌರವವನ್ನು ಈ ಒಂದು ಪ್ರಸಂಗ ತಂದುಕೊಟ್ಟಿದೆ.