ಕಿರೀಟದಲ್ಲಿ ಕುಳಿತ ಪುಟ್ಟ ಬುದ್ಧ

ಕದ್ರಿ ದೇವಸ್ಥಾನಕ್ಕೆ ಹೋದವರು ಮಂಜುನಾಥನಿಗೆ ಕೈಮುಗಿದು, ತೀರ್ಥ ತೆಗೆದುಕೊಂಡು, ಗೋಮುಖದ ನೀರಿಗೂ ಕೆರೆಗಳಿಗೂ ಎಂದು ಗುಡ್ಡದ ಕಡೆ ಹೊರಟುಬಿಡುತ್ತಾರೆ. ಅಷ್ಟು ಅವಸರ ಮಾಡಬಾರದು. ಒಳಗೆ ಕಂಚಿನ ಲೋಕೇಶ್ವರನಿದ್ದಾನೆ. ಸುಮಾರು ಐದು ಅಡಿ ಎತ್ತರದ ಕುಳಿತ ಮೂರ್ತಿ. ಮೂರು ಮುಖ, ಆರು ಕೈ. ಮಂಗಳೂರಿನಲ್ಲಿ ಕಣ್ಣಿಟ್ಟು ನೋಡಬೇಕಾದದ್ದು ಯಾವುದು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇವನ ಹೆಸರನ್ನೇ.

ಹಲವು ಕೈಗಳ ದೇವರನ್ನು ಎರಕ ಹೊಯ್ಯುವುದು ಸುಲಭದ ಮಾತಲ್ಲ. ಮೊದಲು ಮೇಣದಲ್ಲಿ ಇಡೀ ದೇಹ ತಿದ್ದಬೇಕು. ಅದಕ್ಕೆ ಮಣ್ಣು ಮೆತ್ತಿ, ಮೇಣ ಕರಗಿಸಿ, ಆ ಪೊಳ್ಳಿಗೆ ಕಾದ ಲೋಹ ಹೊಯ್ಯಬೇಕು. ಕೈ ಹೆಚ್ಚಾದಷ್ಟೂ ಲೋಹ ತಲುಪದೆ ಉಳಿಯುವ ಸಂದಿಗಳು ಹೆಚ್ಚು. ಅದಕ್ಕಿಂತಲೂ ಕಷ್ಟ ಕಣ್ಣಿಗೆ ಒಪ್ಪಿಸುವುದು. ಸಾಮಾನ್ಯ ಕೆಲಸದಲ್ಲಿ ಹೆಚ್ಚಿನ ಕೈಗಳು ಬೆನ್ನಿಗೆ ಅಂಟಿಸಿದ ಹಾಗೆ ಕಾಣುತ್ತವೆ. ಇಲ್ಲಿ ಭುಜದ ಹತ್ತಿರ ದೃಷ್ಟಿ ನಿಲ್ಲಿಸಿ ನೋಡಿ: ಒಂದೇ ಹೆಗಲಿನಿಂದ ಮೂರು ತೋಳು ಹೊರಟರೂ ಎಲ್ಲಿಯೂ ಬಲವಂತ ಅನ್ನಿಸುವುದಿಲ್ಲ. ಮನುಷ್ಯರ ಮೈ ಹೀಗೆಯೇ ಇರಬೇಕಿತ್ತೇನೋ ಎಂಬಂತೆ ನಾವು ಒಪ್ಪಿಬಿಡುತ್ತೇವೆ. ಎದುರಿನ ಮುಖದಲ್ಲಿ ಧ್ಯಾನದ ಸ್ತಿಮಿತ. ಸ್ವಲ್ಪ ಪಕ್ಕಕ್ಕೆ ಸರಿದರೆ ಇನ್ನೊಂದು ಮುಖ ನಮ್ಮತ್ತ ತಿರುಗಿದಂತಾಗುತ್ತದೆ. ಅವನೇ, ಆದರೆ ಈಗ ಬೇರೆ ಯಾರ ಕಡೆಗೋ ಗಮನ ಕೊಟ್ಟಿದ್ದಾನೆ.

ಇವನು ಯಾರು? ಊರವರ ಬಾಯಲ್ಲಿ ಬಹುಕಾಲ ಇವನು ಬ್ರಹ್ಮ. ಆ ಹೆಸರು ಬಂದದ್ದು ಸಹಜವೇ. ಎದುರಿನಿಂದ ನೋಡುವವನಿಗೆ ಚತುರ್ಮುಖನ ಮುಖಗಳೂ ಮೂರೇ ಕಾಣುವುದು. ಮೇಲಾಗಿ ತುಳುನಾಡಿನಲ್ಲಿ ಬೆರ್ಮೆರ್, ಎಂದರೆ ತುಳುವರ ಬ್ರಹ್ಮ, ದೊಡ್ಡ ದೈವ. ಪುರಾಣದ ಬ್ರಹ್ಮನಿಗೆ ಬೇರೆಡೆ ಪೂಜೆ ಅಪರೂಪವಾದರೂ ಈ ನೆಲದಲ್ಲಿ ಆ ಹೆಸರಿಗೆ ಗೌರವ ಇದ್ದೇ ಇದೆ.

ಆದರೆ ಕಿರೀಟವನ್ನು ಗಮನಿಸಿ. ಅಲ್ಲಿ ಧ್ಯಾನಕ್ಕೆ ಕುಳಿತ ಪುಟ್ಟ ಬುದ್ಧನೊಬ್ಬನಿದ್ದಾನೆ. ಬೌದ್ಧ ಶಿಲ್ಪದಲ್ಲಿ ಇದು ಗುರುತಿನ ಚೀಟಿಯಷ್ಟು ಖಚಿತ: ತಲೆಯ ಮೇಲೆ ಅಮಿತಾಭ ಬುದ್ಧನನ್ನು ಹೊತ್ತವನು ಅವಲೋಕಿತೇಶ್ವರ. ಲೋಕದ ಅಳಲನ್ನು ಮೇಲಿನಿಂದ ನೋಡುತ್ತ, ಕೊನೆಯ ಜೀವಿ ಪಾರಾಗುವ ತನಕ ತಾನು ದಾಟುವುದಿಲ್ಲ ಎಂದು ನಿಂತ ಬೋಧಿಸತ್ತ್ವ. ಅವನ ಇನ್ನೊಂದು ಹೆಸರೇ ಲೋಕೇಶ್ವರ. ಪೀಠದ ಮೇಲಿನ ಸಂಸ್ಕೃತ ಶಾಸನದಲ್ಲಿರುವುದೂ ಅದೇ ಹೆಸರು. ಕಲಿವರ್ಷ 4068ರಲ್ಲಿ, ಎಂದರೆ ಕ್ರಿ.ಶ. 968ರಲ್ಲಿ, ಆಳುಪ ದೊರೆ ಕುಂದವರ್ಮ ಕದರಿಕೆಯ, ಎಂದರೆ ಕದ್ರಿಯ, ವಿಹಾರದಲ್ಲಿ ಲೋಕೇಶ್ವರನನ್ನು ಪ್ರತಿಷ್ಠೆ ಮಾಡಿದ ಎಂದು ಅದು ಹೇಳುತ್ತದೆ. ಅದೇ ಶಾಸನ ಈ ದೊರೆಯನ್ನು ಚಂದ್ರನನ್ನು ಮುಡಿದ ಶಿವನ ಪಾದಭಕ್ತ ಎಂದೂ ಹೊಗಳುತ್ತದೆ. ಶಿವಭಕ್ತನೊಬ್ಬ ವಿಹಾರದಲ್ಲಿ ಬೋಧಿಸತ್ತ್ವನನ್ನು ಇರಿಸಿ, ಎರಡನ್ನೂ ಒಂದೇ ಪೀಠದ ಮೇಲೆ ಬರೆಸಿದ್ದಾನೆ. ಅದರಲ್ಲಿ ಅವನಿಗೆ ಯಾವ ಮುಜುಗರವೂ ಕಂಡಿಲ್ಲ.

ನಮ್ಮ ಕಾಲದ ವಿದ್ವಾಂಸರಿಗೆ ಅದು ಅಷ್ಟು ಸುಲಭವಾಗಲಿಲ್ಲ. ಮಂಜೇಶ್ವರದ ಗೋವಿಂದ ಪೈಗಳು ಇಲ್ಲಿನ ಬೌದ್ಧ ಜಾಡನ್ನು ಹಿಡಿದು, ಮಂಜುನಾಥನ ಹೆಸರಿನ ಹಿಂದೆ ಬೋಧಿಸತ್ತ್ವ ಮಂಜುಶ್ರೀಯನ್ನು ಕಂಡರು. ಬಿ.ಎ. ಸಾಲೆತ್ತೂರು 1936ರ ತಮ್ಮ ತುಳುವ ಇತಿಹಾಸದಲ್ಲಿ ಕದ್ರಿಯ ನಾಥಪಂಥವನ್ನು ಚರ್ಚಿಸಿದರು. ಆಮೇಲೆ ಬಂದ ಕೆಲವರು ಈ ಬೌದ್ಧ-ಶೈವ ಬೆರಕೆಯನ್ನು ಗೆದ್ದವರು, ಸೋತವರು ಎಂಬ ಜಗಳವನ್ನಾಗಿ ಮಾಡಿದರು. ಮೂರ್ತಿ ಬೌದ್ಧವೆಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಬ್ರಹ್ಮ ಎಂದು ಕರೆದ ಅಜ್ಜಿಯರು ಅಜ್ಞಾನಿಗಳು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಒಪ್ಪದಿರುವುದಕ್ಕೆ ಕಾರಣ ಬೌದ್ಧರ ಗ್ರಂಥಗಳಲ್ಲೇ ಇದೆ.

ಸದ್ಧರ್ಮಪುಂಡರೀಕದಲ್ಲಿ ಅವಲೋಕಿತೇಶ್ವರನಿಗೇ ಮೀಸಲಾದ ಒಂದು ಅಧ್ಯಾಯವಿದೆ. ಯಾರನ್ನು ಯಾವ ರೂಪದಿಂದ ಉದ್ಧರಿಸಬಹುದೋ ಅವರಿಗೆ ಆ ರೂಪದಲ್ಲೇ ಅವನು ಕಾಣಿಸುತ್ತಾನೆ ಎಂಬುದು ಅದರ ಸಾರ. ಬ್ರಹ್ಮನನ್ನು ನಂಬಿದವರಿಗೆ ಬ್ರಹ್ಮ, ಇಂದ್ರನನ್ನು ನಂಬಿದವರಿಗೆ ಇಂದ್ರ, ಮಹೇಶ್ವರನನ್ನು ನಂಬಿದವರಿಗೆ ಮಹೇಶ್ವರ. ಕಾರಂಡವ್ಯೂಹ ಇನ್ನೂ ಮುಂದೆ ಹೋಗುತ್ತದೆ. ಕದ್ರಿಯ ಎರಕಕ್ಕಿಂತ ಕೆಲವು ಶತಮಾನ ಹಿಂದಿನ ಆ ಗ್ರಂಥದಲ್ಲಿ ದೇವತೆಗಳೆಲ್ಲ ಇವನ ಮೈಯಿಂದಲೇ ಹುಟ್ಟುತ್ತಾರೆ: ಕಣ್ಣುಗಳಿಂದ ಸೂರ್ಯಚಂದ್ರರು, ಹಣೆಯಿಂದ ಮಹೇಶ್ವರ, ಹೆಗಲಿನಿಂದ ಬ್ರಹ್ಮ, ಹೃದಯದಿಂದ ನಾರಾಯಣ, ಹಲ್ಲುಗಳಿಂದ ಸರಸ್ವತಿ. ಮಹೇಶ್ವರ ಮುಂದೊಂದು ದಿನ ಭಸ್ಮೇಶ್ವರನೆಂಬ ಬುದ್ಧನಾಗುತ್ತಾನೆ ಎಂಬ ಭವಿಷ್ಯವೂ ಅಲ್ಲಿದೆ. ಬೌದ್ಧರು ತಮ್ಮವನನ್ನು ಎಲ್ಲರ ಮೇಲೆ ಕೂರಿಸಲು ಹೂಡಿದ ಉಪಾಯ ಇದು ಎನ್ನಬಹುದು. ಅದು ಸುಳ್ಳೂ ಅಲ್ಲ. ಆದರೂ ಹೆಗಲಿನಿಂದ ಬ್ರಹ್ಮ ಎಂಬ ಮಾತನ್ನು ಓದಿ ಬಂದು ಈ ಕಂಚಿನ ಹೆಗಲನ್ನು ನೋಡಿದರೆ, ಅಲ್ಲಿಂದ ಹೊರಟ ತೋಳುಗಳಿಗೆ ಬೇರೆಯೇ ತೂಕ ಬರುತ್ತದೆ.

ಅವಯವ ಹೆಚ್ಚಿಸದೆ ಅಲೌಕಿಕರನ್ನು ಹೇಳಲು ಯಾವ ಧರ್ಮಗ್ರಂಥಕ್ಕೂ ಆಗಿಲ್ಲವೇನೋ. ಬೈಬಲಿನ ಯೆಶಾಯನ ದರ್ಶನದಲ್ಲಿ ಸೆರಾಫಿಯರಿಗೆ ಆರಾರು ರೆಕ್ಕೆ: ಎರಡರಿಂದ ಮುಖ ಮುಚ್ಚಿ, ಎರಡರಿಂದ ಕಾಲು ಮುಚ್ಚಿ, ಎರಡರಿಂದ ಹಾರುತ್ತಾರೆ. ಯೆಹೆಜ್ಕೇಲನು ಕಂಡ ಜೀವಿಗಳಿಗೆ ನಾಲ್ಕು ಮುಖ: ಮನುಷ್ಯ, ಸಿಂಹ, ಎತ್ತು, ಹದ್ದು. ಅವು ಏನೆಂದು ತಿಳಿಯಲು ಓದುಗರು ಶತಮಾನಗಳ ಕಾಲ ತಲೆ ಕೆಡಿಸಿಕೊಂಡು, ಕಡೆಗೆ ಕ್ರೈಸ್ತರು ಅವನ್ನು ನಾಲ್ವರು ಸುವಾರ್ತಿಕರ ಲಾಂಛನವಾಗಿ ಓದಿಕೊಂಡರು. ಸೆರಾಫಿಯರ ರೆಕ್ಕೆಗಳಲ್ಲಿ ಹೆಚ್ಚಿನವು ದೇವರ ಮುಂದೆ ತಮ್ಮನ್ನು ಮರೆಮಾಡಿಕೊಳ್ಳಲು. ಕದ್ರಿಯ ಆರು ಕೈಗಳು ಮರೆಮಾಡುವುದಕ್ಕಲ್ಲ. ಎಲ್ಲ ದಿಕ್ಕಿನ ಕೂಗಿಗೂ ತಲುಪಲು ಎರಡು ಸಾಲದೆ ಬೆಳೆದ ಕೈಗಳು ಅವು.

ಬೌದ್ಧರು ಇಲ್ಲಿಂದ ಮರೆಯಾದರೂ ಲೋಕೇಶ್ವರ ಉಳಿದದ್ದು ಹೇಗೆ? ಉತ್ತರ ಗುಡ್ಡದ ಮೇಲಿನ ಜೋಗಿ ಮಠದಲ್ಲಿದೆ ಎಂದು ನನಗೆ ತೋರುತ್ತದೆ. ಆ ಮಠ ನಾಥಪಂಥದ್ದು; ಆ ಪಂಥದ ಮೂಲಗುರು ಮತ್ಸ್ಯೇಂದ್ರನಾಥ. ನೇಪಾಳದ ಪಾಟನ್ ನಗರದಲ್ಲಿ ವರ್ಷಕ್ಕೊಮ್ಮೆ ರಥವೇರುವ ಕೆಂಪು ಬಣ್ಣದ ದೇವರನ್ನು ಹಿಂದೂಗಳು ಮತ್ಸ್ಯೇಂದ್ರನಾಥ ಎನ್ನುತ್ತಾರೆ, ಬೌದ್ಧರು ಕರುಣಾಮಯ ಎನ್ನುತ್ತಾರೆ; ಕರುಣಾಮಯನೆಂದರೆ ಅವಲೋಕಿತೇಶ್ವರನೇ. ಹಗ್ಗ ಇಬ್ಬರೂ ಹಿಡಿಯುತ್ತಾರೆ. ಹಿಮಾಲಯದ ಮಡಿಲಲ್ಲಿ ಆದದ್ದು ಅರಬ್ಬಿ ಕಡಲಿನ ಅಂಚಿನಲ್ಲೂ ಆಗಿರಬೇಕು. ಹನ್ನೆರಡು ವರ್ಷಕ್ಕೊಮ್ಮೆ ನಾಸಿಕದ ಕುಂಭಮೇಳ ಮುಗಿಸಿ ತ್ರ್ಯಂಬಕೇಶ್ವರದಿಂದ ನಡೆದೇ ಬರುವ ಜೋಗಿಗಳ ಝುಂಡಿ, ಕದ್ರಿ ಮಠಕ್ಕೆ ಹೊಸ ಅರಸನನ್ನು, ಎಂದರೆ ಮಠಾಧಿಪತಿಯನ್ನು, ಕರೆತರುತ್ತದೆ; 2016ರಲ್ಲೂ ಹಾಗೆಯೇ ಬಂತು. ಅವರು ಇಷ್ಟು ದೂರ ಕಾಲ್ನಡಿಗೆಯಲ್ಲಿ ಬಂದು ತಲುಪುವ ಈ ಗುಡ್ಡದ ಬುಡದಲ್ಲೇ ಕುಂದವರ್ಮನ ಲೋಕೇಶ್ವರನಿಗೆ ಇಂದಿಗೂ ದೀಪ, ಹೂವು, ಮಂಗಳಾರತಿ ಸಲ್ಲುತ್ತಿದೆ. ಬೋಧಿಸತ್ತ್ವ ಮೂರ್ತಿಗಳು ಎಷ್ಟೋ ಇಂದು ಗಾಜಿನ ಪೆಟ್ಟಿಗೆಗಳಲ್ಲಿ, ಕೆಳಗೊಂದು ಚೀಟಿ ಅಂಟಿಸಿಕೊಂಡು ಕುಳಿತಿವೆ. ಅವುಗಳ ಗುರುತಿನ ಬಗ್ಗೆ ಯಾರಿಗೂ ಗೊಂದಲವಿಲ್ಲ, ಅವುಗಳಿಗೆ ಯಾರೂ ಹೂವು ಏರಿಸುವುದೂ ಇಲ್ಲ. ಎರಡರಲ್ಲಿ ಒಂದನ್ನು ಆರಿಸು ಎಂದರೆ ನಾನು ಕದ್ರಿಯ ಗೊಂದಲವನ್ನೇ ಆರಿಸಿಕೊಳ್ಳುತ್ತೇನೆ. ಅಲ್ಲಿ ಪಕ್ಕದಲ್ಲಿ ನಿಂತವರು ಬ್ರಹ್ಮ ಎಂದು ನಮಸ್ಕರಿಸಿದಾಗ ನಾನು ತಿದ್ದಲು ಹೋಗುವುದಿಲ್ಲ. ನನ್ನ ಮಟ್ಟಿಗೆ ಮಾತ್ರ, ಪೀಠದ ಮೇಲೆ ಕೆತ್ತಿದ ಹೆಸರನ್ನೇ ಹೇಳಿ ಕೈಮುಗಿಯುತ್ತೇನೆ.