ಟ್ಯಾಂಕಿನಡಿಯ ಸುರಂಗ

ಕೈಯಾರೆ ಮಾಡಿದ ಪೆಟ್ರೋಲ್ ಟ್ಯಾಂಕನ್ನು ಬೇರೆ ಬೈಕಿಗೆ ಹೊಂದಿಸುವಾಗ ಕಸಬು ಕಾಣುವುದು ಮೇಲಿನ ಹೊಳಪಿನಲ್ಲಲ್ಲ, ಅಡಿಯಲ್ಲಿ. ಚಾಸಿಯ ನಡುಪೈಪು ಹಾಯುವ ಸುರಂಗ ತುಸು ಕಿರಿದಾದರೂ ಟ್ಯಾಂಕು ಕೂರದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೆ ಅಲ್ಲಿ ತಯಾರಾದ ಹಳೆ ಯೆಜ್ಡಿ ಬೈಕುಗಳಿಗೂ ಇಂಥ ಕೈಗಳೇ ಬೇಕಾದವು. ನವಲಗುಂದ, ಅಣ್ಣಿಗೇರಿಯಂಥ ಎರೆಸೀಮೆಯ ಊರುಗಳಲ್ಲಿ ಟ್ರೇಲರ್, ಕುಂಟೆ ಬೆಸೆಯುವ ವೆಲ್ಡಿಂಗ್ ಕೈಗೆ ಈ ಟ್ಯಾಂಕಿನ ಕೆಲಸ ನಾಜೂಕಿನ ಪರೀಕ್ಷೆ.

ರಟ್ಟಿನಲ್ಲಿ ಅಳತೆ ತೆಗೆದು, ಹಳೆ ಸುರಂಗ ಕೊಯ್ದು, ಮಿಲಿಮೀಟರ್ ದಪ್ಪದ ತಗಡು ಬಾಗಿಸಿ ಕೂಡಿಸುತ್ತಾರೆ. ಒಮ್ಮೆ ಪೆಟ್ರೋಲ್ ಕಂಡ ಟ್ಯಾಂಕು ಖಾಲಿಯಿದ್ದರೂ ನಂಬುವಂತಿಲ್ಲ, ಆವಿಯೇ ಸಿಡಿದೀತು. ಚೆನ್ನಾಗಿ ತೊಳೆದು, ಬೋರಲು ಹಾಕಿ, ಬೆಸುಗೆಯ ಅಂಚಿನ ತನಕ ನೀರು ತುಂಬಿದ ಮೇಲೆಯೇ ಬೆಂಕಿ. ಒಂದೇ ಎಳೆಯಲ್ಲಿ ಬೆಸೆದರೆ ತಗಡು ಸೊಟ್ಟಗಾಗುತ್ತದೆ. ಅಲ್ಲಲ್ಲಿ ಚುಕ್ಕೆಯಿಟ್ಟು, ಆರಲು ಬಿಟ್ಟು ಸಾಗಬೇಕು. ಆಮೇಲೆ ತುಸುವೇ ಗಾಳಿ ತುಂಬಿ ಸಾಬೂನು ನೀರು ಸವರಿದರೆ, ಸೋರುವಲ್ಲಿ ಸಾಸಿವೆಯಷ್ಟು ಗುಳ್ಳೆ ಏಳುತ್ತದೆ.